ಇಲ್ಲದ ಬೆಕ್ಕಿನ ಊಟ

ದಿನಸಿ ಅಂಗಡಿಯ ಗಲ್ಲಾದ ಮೇಲಿದ್ದ ಹಣ ಕಟ್ಟುವ ಯಂತ್ರ ಟಿಂಗ್ ಎಂದಿತು. ಅಕ್ಕ ಫೋನನ್ನು ಅದರ ಮೇಲಿನಿಂದ ತೆಗೆದು, ಪಕ್ಕದಲ್ಲಿ ನಿಂತಿದ್ದ ತಾತನ ಕಡೆ ತಿರುಗಿ ಆಯಿತೆಂದು ತಲೆಯಾಡಿಸಿದಳು. ತಾತ ಬೆಕ್ಕಿನ ಊಟದ ಹನ್ನೆರಡು ಡಬ್ಬಿಗಳನ್ನು ಒಂದೊಂದಾಗಿ, ಮೊಟ್ಟೆ ಜೋಡಿಸುವವನ ಹಾಗೆ, ಬಟ್ಟೆಯ ಚೀಲದೊಳಕ್ಕೆ ಇಳಿಸಿದ. ಆಮೇಲೆ ಅಂಗಿಯ ಒಳಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ್ದ ನೋಟುಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ.

"ನೀನಿಲ್ದಿದ್ರೆ ನನ್ನ ಬೆಕ್ಕು ಉಪವಾಸ ತಾಯಿ," ಎಂದ. "ದುಡ್ಡು ಕೊಡ್ತೀನಿ ಅಂದ್ರೆ ಬೇಡ ಅನ್ನೋ ಅಂಗಡೀನ ಈ ವಯಸ್ಸಲ್ಲಿ ನೋಡ್ಬೇಕಾಯ್ತು."

ಅವನು ಬಾಗಿಲು ದಾಟುವವರೆಗೂ ಅಕ್ಕ ನೋಟುಗಳನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ಎಣಿಸುವ ಅಗತ್ಯವಿರಲಿಲ್ಲ. ಎರಡು ವಾರದ ಬಾಡಿಗೆ ಸರಿಹೋಗುತ್ತಿತ್ತು. ನಾಳೆ ಗುರುವಾರ. ಎಷ್ಟೋ ದಿನದ ಮೇಲೆ ಅವಳಿಗೆ ಉಸಿರು ಪೂರ್ತಿ ಒಳಕ್ಕೆ ಹೋದಂತಾಯಿತು. ಗಲ್ಲಾದ ಹುಡುಗಿ ಮಾತಾಡಿದ್ದು ಆಗಲೇ.

"ಅಕ್ಕ, ನಮಗೊಂದು ಕೆಲಸ ಕಮ್ಮಿ ಆಯ್ತು ನೋಡಿ. ಇವತ್ತಿಂದ ಬಿಲ್ಲು ಹರಿದುಕೊಡೋ ಹಾಗಿಲ್ಲ. ಏನೇನು ತಗೊಂಡ್ರಿ, ಎಷ್ಟೆಷ್ಟು ತಗೊಂಡ್ರಿ, ಪೂರ್ತಿ ಪಟ್ಟಿ ನೇರ ಫೋನಿಗೇ ಹೋಗುತ್ತೆ."

ಅಕ್ಕ ಕೈಯಲ್ಲಿದ್ದ ಫೋನನ್ನು ನೋಡಿದಳು. "ನನಗೇನೂ ಬಂದಿಲ್ಲವಲ್ಲ."

"ಖಾತೆ ಯಾರ ಹೆಸರಲ್ಲಿದೆಯೋ ಅವರಿಗೆ ಹೋಗೋದು. ನಿಮ್ಮದು ಯಜಮಾನರದ್ದು ತಾನೇ? ಅವರಿಗೆ ಹೋಗಿರುತ್ತೆ, ಬಿಡಿ."

ಬಿಡಿ ಎಂದು ಅವಳು ಮುಂದಿನವರ ಸಾಮಾನಿಗೆ ಕೈ ಹಾಕಿದಳು. ಅಕ್ಕನ ಮನೆಯಲ್ಲಿ ಬೆಕ್ಕಿರಲಿಲ್ಲ. ಯಾವತ್ತೂ ಇರಲಿಲ್ಲ.

ಅವಳ ಗಂಡ ಗೋದಾಮಿನಲ್ಲಿ ಸರಕು ತಾಳೆ ನೋಡುವ ಕೆಲಸದವನು. ಲಾರಿಯಿಂದ ಇಳಿದದ್ದಕ್ಕೂ ಕಾಗದದಲ್ಲಿ ಬರೆದದ್ದಕ್ಕೂ ಎಲ್ಲಿ ವ್ಯತ್ಯಾಸವಿದೆಯೆಂದು ಹುಡುಕಿ ಹಿಡಿಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೊಳೆಯ ಪೊಟ್ಟಣವೂ ಅವನ ಕಣ್ಣು ತಪ್ಪಿಸಿರಲಿಲ್ಲ ಎಂದು ಗೋದಾಮಿನವರೇ ಹೇಳುತ್ತಿದ್ದರು. ಮನೆಯಲ್ಲಿ ಅವನು ದನಿ ಎತ್ತಿದವನಲ್ಲ, ಕೈ ಎತ್ತಿದವನಂತೂ ಅಲ್ಲವೇ ಅಲ್ಲ. ಕೇಳಬೇಕಾದ್ದನ್ನು ನಗುಮುಖದಲ್ಲಿ ಒಂದೇ ಸಲ ಕೇಳುತ್ತಿದ್ದ, ಉತ್ತರ ಬರುವವರೆಗೂ ಹಾಗೆಯೇ ನೋಡುತ್ತ ಕೂತಿರುತ್ತಿದ್ದ.

ಕೈ ಎತ್ತುತ್ತಿದ್ದವನು ಅವನ ತಮ್ಮ. ಅಕ್ಕ ಈ ಮನೆಗೆ ಸೊಸೆಯಾಗಿ ಬಂದ ನಾಲ್ಕು ವರ್ಷಕ್ಕೆ ಅವಳ ತಂಗಿಯೂ ಆ ತಮ್ಮನ ಹೆಂಡತಿಯಾಗಿ ಅದೇ ಮನೆತನಕ್ಕೆ ಬಂದಳು. ಅಕ್ಕನೇ ಮುಂದೆ ನಿಂತು ಮಾಡಿಸಿದ ಮದುವೆ ಅದು. ಒಂದೇ ಊರಲ್ಲಿರುತ್ತೀವಿ, ಒಬ್ಬರಿಗೊಬ್ಬರು ಇರುತ್ತೀವಿ ಎಂದು ತಾಯಿಯನ್ನು ಒಪ್ಪಿಸಿದ್ದಳು. ಚಿಕ್ಕಂದಿನಲ್ಲಿ ಚಿಲಿಪಿಲಿ ಅನ್ನುತ್ತ ಓಡಾಡುತ್ತಿದ್ದುದರಿಂದ ತಂಗಿಗೆ ಗುಬ್ಬಿ ಎಂಬ ಹೆಸರು ಬಿದ್ದಿತ್ತು. ಈಗ ಹಾಗೆ ಕರೆಯುವವಳು ಅಕ್ಕ ಒಬ್ಬಳೇ. ಒಂದು ಮಧ್ಯಾಹ್ನ ಗುಬ್ಬಿ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಗಂಡನ ಮನೆಯಿಂದ ಹೊರಬಿದ್ದಳು. ಆಸ್ಪತ್ರೆಯಲ್ಲಿ ಎರಡು ಕಡೆ ಮುರಿದಿದೆ ಅಂದರು. ಆ ಸಂಜೆ ಅಕ್ಕನ ಗಂಡ ಊಟ ಮುಗಿಸಿ, ಕೈ ಒರೆಸಿಕೊಂಡು, ಆ ಮನೆ ಬಿಟ್ಟವಳು ಈ ಮನೆಗೂ ಇಲ್ಲ ಎಂದು ಮೆಲ್ಲಗೆ ಹೇಳಿದ. ಅಷ್ಟೇ. ಎರಡನೇ ಸಲ ಹೇಳಲಿಲ್ಲ.

ಊರಿನ ಆ ಕೊನೆಯಲ್ಲಿ, ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಗುಬ್ಬಿ ಉಳಿದುಕೊಂಡಳು. ಮುಂಚೆ ಕೆಲಸ ಮಾಡುತ್ತಿದ್ದ ದರ್ಜಿ ಅಂಗಡಿಯವರು ಕೈ ಸರಿಹೋದ ಮೇಲೆ ಬಾ ಎಂದಿದ್ದರು. ಮೂಳೆ ವಕ್ರವಾಗಿ ಕೂಡಿಕೊಂಡಿತ್ತು, ಮತ್ತೆ ಕತ್ತರಿಸಿ ಕೂಡಿಸಿದ್ದಾಯಿತು, ಸೂಜಿ ಹಿಡಿಯಲು ಇನ್ನೂ ಐದು ವಾರ ಬೇಕಿತ್ತು. ಅಲ್ಲಿಯವರೆಗೆ ಕೋಣೆಯ ಬಾಡಿಗೆ ಅಕ್ಕನದು. ಗುರುವಾರ ಗುರುವಾರ ಅವಳು ಅದನ್ನು ಕೈಯಲ್ಲಿ ಕೊಟ್ಟು ಬರುತ್ತಿದ್ದಳು.

ಅವಳಿಗೆ ಸ್ವಂತ ಸಂಪಾದನೆ ಇರಲಿಲ್ಲ. ಇದ್ದದ್ದು ಚಿಲ್ಲರೆ. ಗಂಡ ವಾರಕ್ಕೊಮ್ಮೆ ಸಾಮಾನಿಗೆಂದು ಕೊಡುತ್ತಿದ್ದ ನೋಟುಗಳಲ್ಲಿ ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಉಳಿಸಿದ್ದು, ಒಳ್ಳೆಯ ಸೋಪಿನ ಬದಲು ಸಾದಾ ಸೋಪು ತಂದು ಮಿಗಿಸಿದ್ದು, ಹೀಗೆ ಪೌಡರ್ ಡಬ್ಬಿಯೊಳಕ್ಕೆ ಬೀಳುತ್ತಿದ್ದ ನಾಣ್ಯಗಳು. ಎಲ್ಲ ಹೆಂಗಸರಿಗೂ ಅಂಥದೊಂದು ಡಬ್ಬಿ ಇರುತ್ತದೆ, ಯಾವ ಗಂಡಸಿನ ಪಟ್ಟಿಯಲ್ಲೂ ಅದು ಇರುವುದಿಲ್ಲ ಎಂದು ಅವಳು ನಂಬಿದ್ದಳು.

ಆಮೇಲೆ ಅವಳ ಹುಟ್ಟಿದ ದಿನಕ್ಕೆ ಗಂಡ ಹೊಸ ಫೋನು ತಂದುಕೊಟ್ಟ. ತನ್ನ ಖಾತೆಯನ್ನು ತಾನೇ ಅದಕ್ಕೆ ಜೋಡಿಸಿ, ಹೇಗೆ ಹಿಡಿಯಬೇಕೆಂದು ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನೇ ಯಂತ್ರ ಮಾಡಿಕೊಂಡು ತೋರಿಸಿದ. ಮುಟ್ಟಿಸುವುದೂ ಬೇಡ, ಹತ್ತಿರ ತಂದರೆ ಸಾಕು ಎಂದ. "ಇನ್ಮೇಲೆ ಚಿಲ್ಲರೆ ಚಿಲ್ಲರೆ ಅಂತ ನೀನು ಒದ್ದಾಡ್ಬೇಕಾಗಿಲ್ಲ," ಎಂದು ಅವಳ ಬೆನ್ನು ತಟ್ಟಿದ. ವಾರದ ನೋಟುಗಳು ಅಂದಿಗೆ ನಿಂತವು. ಅವನಿಗೆ ಪೌಡರ್ ಡಬ್ಬಿಯ ವಿಷಯ ಗೊತ್ತಿತ್ತೋ ಇಲ್ಲವೋ ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಅವಳು ಎಲ್ಲಿ ಟಿಂಗ್ ಅನ್ನಿಸಿದರೂ ಅಂಗಡಿಯ ಹೆಸರು ಮತ್ತು ಮೊತ್ತ ಆ ಕ್ಷಣವೇ ಗೋದಾಮಿನಲ್ಲಿ ಅವನ ಜೇಬಿನ ಫೋನಿನಲ್ಲಿ ಕಾಣುತ್ತಿತ್ತು. ಯಾರಿಗೆ ಕರೆ ಮಾಡಿದಳು, ಎಲ್ಲೆಲ್ಲಿ ಓಡಾಡಿದಳು ಎಂಬುದೂ ಕಾಣುತ್ತಿತ್ತು. ತರಕಾರಿಯವಳೂ ತಕ್ಕಡಿಯ ಪಕ್ಕ ಅಂಗೈಯಗಲದ ಯಂತ್ರ ಇಟ್ಟಳು. ಬಸ್ಸಿನವರೂ ಇಟ್ಟರು. ಗುಬ್ಬಿಯ ಕೋಣೆಗೆ ಬಸ್ಸಿನಲ್ಲಿ ಹೋಗುವಂತಿರಲಿಲ್ಲ. ಗುರುವಾರಗಳಂದು ಅವಳು ಫೋನನ್ನು ದಿಂಬಿನ ಕೆಳಗೆ ಬಿಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಹೋಗುತ್ತ ಒಂದೂಕಾಲು ಗಂಟೆ, ಬರುತ್ತ ಒಂದೂಕಾಲು ಗಂಟೆ ನಡೆಯುತ್ತಿದ್ದಳು.

ಪೌಡರ್ ಡಬ್ಬಿ ಆರು ವಾರದಲ್ಲಿ ಬರಿದಾಯಿತು. ಕೈಯಲ್ಲಿ ನಾಣ್ಯವೊಂದೂ ಇಲ್ಲದ ದಿನಗಳು ಹೇಗಿರುತ್ತವೆಂದು ಅವಳು ಆಗ ಕಂಡುಕೊಂಡಳು. ಮನೆಯಲ್ಲಿ ಎಲ್ಲವೂ ಇತ್ತು, ಅವಳ ಹತ್ತಿರ ಏನೂ ಇರಲಿಲ್ಲ. ಆಗಲೇ ಅಂಗಡಿಯಲ್ಲಿ ಒಬ್ಬಳು ಮುದುಕಿ ಸಿಕ್ಕಿದ್ದು. ನಗದು ತೆಗೆದುಕೊಳ್ಳುವುದಿಲ್ಲವೆಂಬ ಹೊಸ ಬೋರ್ಡಿನ ಕೆಳಗೆ, ಒಂದು ಬ್ರೆಡ್ಡು, ಎರಡು ಪೊಟ್ಟಣ ಹಾಲು ಹಿಡಿದುಕೊಂಡು, ನಾಲ್ಕು ಮಡಿಕೆ ಮಾಡಿದ ನೋಟನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದಳು. ಹಿಂದಿನವರು ಗೊಣಗುತ್ತಿದ್ದರು. ಅಕ್ಕ ಮುಂದೆ ಹೋಗಿ ತನ್ನ ಫೋನು ತೋರಿಸಿದಳು. ಟಿಂಗ್ ಎಂದಿತು. ಮುದುಕಿ ಆ ನೋಟನ್ನು ಅವಳ ಕೈಗೆ ತುರುಕಿದಳು. ಅಕ್ಕನಿಗೆ ಅದನ್ನು ಬೇಡವೆನ್ನಲು ಬಾಯಿ ಬಂತು, ವಾಪಸು ಕೊಡಲು ಕೈ ಬರಲಿಲ್ಲ.

ಅಲ್ಲಿಂದ ಶುರುವಾಯಿತು. ಮಂಗಳವಾರ, ಬುಧವಾರ ಅವಳು ಸಾಲಿನ ಪಕ್ಕ ಚೀಲ ಹಿಡಿದು ನಿಲ್ಲುತ್ತಿದ್ದಳು. ನೋಟು ಹಿಡಿದು ತಬ್ಬಿಬ್ಬಾದವರನ್ನು ನೋಡಿ ಮುಂದೆ ಬರುತ್ತಿದ್ದಳು. ಅವರ ಸಾಮಾನಿಗೆ ಇವಳ ಫೋನು, ಅವರ ನೋಟು ಇವಳ ಬೂಟಿನ ಒಳ ಅಟ್ಟೆಯ ಕೆಳಗೆ. ಗಂಡನಿಗೆ ಕಾಣುತ್ತಿದ್ದುದು ದಿನಸಿ ಅಂಗಡಿ, ಇಷ್ಟು ಮೊತ್ತ, ಅಷ್ಟೇ. ಮುದುಕರು ಅವಳನ್ನು ಟಿಂಗಕ್ಕ ಅನ್ನತೊಡಗಿದರು. ಟಿಂಗಕ್ಕ ಬಂದಳು, ಇನ್ನು ಚಿಂತೆಯಿಲ್ಲ ಅನ್ನುತ್ತಿದ್ದರು. ಯಾರಿಗೂ ಮೋಸ ಮಾಡುತ್ತಿಲ್ಲ ಎಂದು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ ಅಷ್ಟೇ ಸಲ ಅದು ಸರಿಯೇ ಎಂದು ಅನುಮಾನಪಟ್ಟಳು.

ಮೊತ್ತ ಏರುವಂತಿರಲಿಲ್ಲ. ಇನ್ನೊಬ್ಬರ ಹಿಟ್ಟಿಗೆ ಟಿಂಗ್ ಎಂದರೆ ಮನೆಗೆ ಅಷ್ಟು ಹಿಟ್ಟು ಕಡಿಮೆ. ಆದ್ದರಿಂದ ಅವಳು ಹೊಟ್ಟೆ ಕಟ್ಟಿದಳು. ತನ್ನ ಪಾಲಿನ ಹಾಲು ನಿಲ್ಲಿಸಿದಳು. ಸೋಪಿನ ಚೂರುಗಳನ್ನು ಒತ್ತಿ ಒಂದು ಮಾಡಿದಳು. ಹಿಟ್ಟಿನ ಡಬ್ಬಿಯ ತಳದಲ್ಲಿ ಒಂದು ಬಟ್ಟಲು ಬೋರಲಾಗಿಟ್ಟು ಅದರ ಮೇಲೆ ಹಿಟ್ಟು ಸುರಿದಳು, ಮುಚ್ಚಳ ತೆಗೆದವರಿಗೆ ಡಬ್ಬಿ ಮುಕ್ಕಾಲು ತುಂಬಿದಂತೆ ಕಾಣುವ ಹಾಗೆ. ಒಂದೇ ಮಾದರಿಯ ಆರು ನೀಲಿ ಬಟ್ಟಲುಗಳಲ್ಲಿ ಐದೇ ಇವೆಯಲ್ಲ ಎಂದು ಗಂಡ ಮೂರನೇ ದಿನವೇ ಕೇಳಿದ. ಒಡೆಯಿತು ಎಂದಳು. ಚೂರು ಎಲ್ಲಿ ಎಸೆದೆ, ಯಾರ ಕಾಲಿಗೂ ಚುಚ್ಚಿಲ್ಲ ತಾನೇ ಎಂದು ಅಕ್ಕರೆಯಿಂದಲೇ ಕೇಳಿದ.

ಹೋದ ವಾರ ಅವಳಿಗೆ ಯಾರೂ ಸಿಗಲಿಲ್ಲ. ನೋಟು ಹಿಡಿದು ಬರುವವರೇ ಕಡಿಮೆಯಾಗಿದ್ದರು. ಮುದುಕರಿಗೂ ಮೊಮ್ಮಕ್ಕಳು ಕಲಿಸಿಕೊಟ್ಟಿದ್ದರು. ಗುರುವಾರ ಬರಿಗೈಯಲ್ಲಿ ಹೋದಳು. ಗುಬ್ಬಿ ಮಂಚದ ತುದಿಯಲ್ಲಿ ಕೂತು, ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಬಲಗೈಯಲ್ಲಿ ಹಿಚುಕುತ್ತಿದ್ದಳು. ಮುಂದಿನ ಗುರುವಾರ ಮಧ್ಯಾಹ್ನದೊಳಗೆ ಎರಡೂ ವಾರದ್ದು ಬರದಿದ್ದರೆ ಕೋಣೆ ಖಾಲಿ ಮಾಡಬೇಕೆಂದು ಮನೆಯೊಡತಿ ಹೇಳಿದ್ದಳು. ನರ್ಸ್ ಒಬ್ಬಳು ಕಾಯುತ್ತಿದ್ದಾಳಂತೆ. ಅವಳಾದರೆ ಫೋನಿನಲ್ಲೇ ಕಳಿಸುತ್ತಾಳಂತೆ.

"ನಾನು ತರ್ತೀನಿ," ಎಂದಳು ಅಕ್ಕ.

"ತರದಿದ್ರೂ ಪರವಾಗಿಲ್ಲ ಕಣಕ್ಕ. ಮೊನ್ನೆ ಅವನು ಕೆಳಗೆ ಬಂದು ನಿಂತಿದ್ದ. ಜಾಗ ಹೇಗೆ ಗೊತ್ತಾಯ್ತೋ ಏನೋ. ಮನೆ ಬಾಗಿಲು ತೆಗೆದೇ ಇದೆ ಅಂತ ಇಸ್ತ್ರಿಯವನ ಹತ್ರ ಹೇಳಿ ಕಳಿಸಿದ." ಗುಬ್ಬಿ ಚೆಂಡನ್ನು ಎಡಗೈಗೆ ಬದಲಾಯಿಸಿಕೊಂಡು ನಕ್ಕಳು. "ಹೋದ್ರಾಯ್ತು ಬಿಡು. ಇನ್ನೊಂದು ಕೈ ಇದೆಯಲ್ಲ."

ದಾರಿಯುದ್ದಕ್ಕೂ ಅಕ್ಕನ ಕಿವಿಯಲ್ಲಿ ಆ ನಗುವೇ ಇತ್ತು. ಆದ್ದರಿಂದಲೇ ಇವತ್ತು ಬೆಕ್ಕಿನ ತಾತ ತಿಂಗಳಿಗಾಗುವಷ್ಟು ಡಬ್ಬಿಗಳನ್ನು ಗಲ್ಲಾದ ಮೇಲಿಟ್ಟಾಗ ಅವಳು ಹಿಂದೆ ಮುಂದೆ ನೋಡಲಿಲ್ಲ. ಒಂದೇ ಟಿಂಗಿಗೆ ಎರಡು ವಾರ.

ಈಗ ಅವಳು ಗಲ್ಲಾದ ಹುಡುಗಿಯ ಮುಂದೆ ಮತ್ತೆ ಹೋಗಿ ನಿಂತು, ಆ ಡಬ್ಬಿಗಳನ್ನು ಲೆಕ್ಕದಿಂದ ತೆಗೆಯಲಾಗುವುದೇ ಎಂದು ಕೇಳಿದಳು. ವಾಪಸು ಕೊಟ್ಟರೆ ಹಣ ಖಾತೆಗೇ ಹೋಗುತ್ತದೆ, ವಾಪಸು ಬಂದದ್ದೂ ಪಟ್ಟಿಯಲ್ಲಿ ಬರುತ್ತದೆ ಎಂದಳು ಹುಡುಗಿ. ಬೆಕ್ಕಿನ ಊಟ ಹನ್ನೆರಡು, ಬೆಕ್ಕಿನ ಊಟ ವಾಪಸು ಹನ್ನೆರಡು. ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಗಂಡ ಮನೆಗೆ ಬರುವುದು ಐದೂವರೆಗೆ. ಈಗಲೇ ಗುಬ್ಬಿಯ ಹತ್ತಿರ ಓಡೋಣವೆಂದರೆ ಹಿಂತಿರುಗುವಷ್ಟರಲ್ಲಿ ಆರು ದಾಟುತ್ತದೆ, ಕೈಯಲ್ಲಿರುವ ಫೋನು ದಾರಿಯನ್ನೆಲ್ಲ ಹೇಳುತ್ತದೆ. ಬೆಕ್ಕೊಂದು ಬೇಕು ಎಂದು ಅವಳ ತಲೆಗೆ ಹೊಳೆಯಿತು. ಬೇರೇನೂ ಹೊಳೆಯಲಿಲ್ಲ.

ತಾತನ ಮನೆ ಅಂಗಡಿಯ ಹಿಂದಿನ ಎರಡನೇ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆ. ಅವನು ಬೀಗ ರಿಪೇರಿ ಮಾಡುತ್ತಿದ್ದವನು. ಗೋಡೆಯ ತುಂಬ ಮೊಳೆಗಳಲ್ಲಿ ಯಾವ ಬೀಗಕ್ಕೂ ಸೇರದ ಕೀಲಿಗಳು ನೇತಾಡುತ್ತಿದ್ದವು. ಡಬ್ಬಿಗಳನ್ನು ಅವನು ಆಗಲೇ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ್ದ. ಅಕ್ಕ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, ನಿಮ್ಮ ಬೆಕ್ಕನ್ನು ಸಂಜೆಯ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದಳು.

"ಸಕ್ಕರೆ ಸಾಲ ಕೇಳಿದವರನ್ನ ನೋಡಿದ್ದೀನಿ, ಕೊಡೆ ಕೇಳಿದವರನ್ನ ನೋಡಿದ್ದೀನಿ," ಎಂದ ತಾತ. "ಬೆಕ್ಕು ಕೇಳಿದವಳು ನೀನೇ ಮೊದಲು." ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. "ಮನೇಲೇನಾದ್ರೂ ತೊಂದ್ರೆನಾ ತಾಯಿ?"

ಏನಿಲ್ಲ ಎಂದಳು. ಅವನು ಮತ್ತೆ ಕೇಳಲಿಲ್ಲ. ಬೆಕ್ಕು ಹಳೆಯ ರೇಡಿಯೋದ ಮೇಲೆ ಮುದುಡಿ ಮಲಗಿತ್ತು. ಹದಿನೇಳು ವರ್ಷದ್ದು, ಒಂದು ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಇಬ್ಬರೂ ಸೇರಿ ಅದನ್ನು ಬುಟ್ಟಿಗೆ ಹಾಕಲು ನೋಡಿದರು. ಅದು ಮೈ ಕೊಡವಿ, ಅಕ್ಕನ ಮುಂಗೈಯ ಮೇಲೆ ಉದ್ದಕ್ಕೆ ಮೂರು ಗೆರೆ ಎಳೆದು, ಮಂಚದ ಕೆಳಗೆ ಸೇರಿ ಬುಸುಗುಟ್ಟತೊಡಗಿತು. ತಾತ ಮಂಡಿಯೂರಿ ಬಗ್ಗಿ, ಅಲ್ಲಿಂದಲೇ ಕ್ಷಮೆ ಕೇಳುವವನಂತೆ ತಲೆಯಾಡಿಸಿದ.

ಹಾಗಾದರೆ ಒಂದು ಡಬ್ಬಿಯನ್ನಾದರೂ ಕೊಡಿ, ಬರುವ ವಾರ ತಂದುಕೊಡುತ್ತೇನೆ ಎಂದಳು. ತಾತ ಎಲ್ಲವನ್ನೂ ತೆಗೆದುಕೊಂಡು ಹೋಗೆಂದ. ಆದರೆ ಅವನು ಕೊಟ್ಟ ನೋಟುಗಳು ಆಗಲೇ ಅವಳ ಬಲಗಾಲಿನ ಬೂಟಿನಲ್ಲಿದ್ದವು, ಆ ಬೆಕ್ಕಿಗೆ ಹಲ್ಲಿರಲಿಲ್ಲ, ಬೇರೆ ಏನನ್ನೂ ಅದು ತಿನ್ನುತ್ತಿರಲಿಲ್ಲ. ಅಷ್ಟು ನಾಚಿಕೆಗೇಡಿಯಾಗಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ಸಾಕು ತಾತ ಎಂದು ಒಂದನ್ನೇ ಚೀಲಕ್ಕೆ ಹಾಕಿಕೊಂಡಳು.

ಮನೆಯ ಬೀದಿಗೆ ತಿರುಗಿದಾಗಲೇ ಅವಳಿಗೆ ತಾನು ಮಾಡಿದ್ದೇನೆಂದು ತಿಳಿದದ್ದು. ಸರಕು ತಾಳೆ ನೋಡುವವನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅದು ಮೊದಲೇ ಹೊಳೆಯಬೇಕಿತ್ತು. ಪಟ್ಟಿಯಲ್ಲಿ ಹನ್ನೆರಡು, ಚೀಲದಲ್ಲಿ ಒಂದು. ಒಂದನ್ನೂ ತರದೆ ಇದ್ದರೆ ಅಂಗಡಿಯವರ ತಪ್ಪು ಎಂದು ಹೇಳಿಬಿಡಬಹುದಿತ್ತು. ಈಗ ಮುಂಗೈಯ ಮೇಲೆ ಉಗುರಿನ ಗೆರೆಗಳೂ ಇದ್ದವು, ಬೆಕ್ಕೇ ಇಲ್ಲ ಎನ್ನುವಂತಿರಲಿಲ್ಲ. ನಿಂತು ಹಿಂದಕ್ಕೆ ನೋಡಿದಳು. ಐದು ಗಂಟೆಯಾಗಿತ್ತು.

ಅಡುಗೆಮನೆಗೆ ಬಂದವಳೇ ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಬೋರಲಾಗಿದ್ದ ಬಟ್ಟಲನ್ನು ಎಳೆದಳು. ಹಿಟ್ಟು ಸದ್ದಿಲ್ಲದೆ ಕುಸಿದು ತಳಕ್ಕಿಳಿಯಿತು. ಇದ್ದದ್ದು ಎರಡು ಹಿಡಿ. ಮುಚ್ಚಳ ಹಾಕಿ, ಬಟ್ಟಲನ್ನು ಬಟ್ಟೆಯಿಂದ ಒರೆಸಿ, ಬೆಕ್ಕಿನ ಊಟದ ಡಬ್ಬಿ ತೆರೆದು ಅದಕ್ಕೆ ಸುರಿದಳು. ಮೀನಿನ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಹಿತ್ತಲ ಬಾಗಿಲಲ್ಲಿ ಬೂಟು ಬಿಟ್ಟು, ಮೂರು ಮೆಟ್ಟಿಲು ಬರಿಗಾಲಲ್ಲಿ ಇಳಿದು, ಕಸದ ತೊಟ್ಟಿಯ ಪಕ್ಕ ಬಟ್ಟಲಿಟ್ಟಳು. ಓಣಿಯ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು. ಇಷ್ಟು ವರ್ಷದಲ್ಲಿ ಇಲ್ಲಿ ಬೆಕ್ಕು ಓಡಾಡಿದ್ದನ್ನು ಕಂಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಕಂಡಿರಬಹುದು. ಯಾರು ಗಮನಿಸಿದ್ದರು?

ಗಂಡ ಎಂದಿನ ಹೊತ್ತಿಗೆ ಬಂದ. ಎಂದಿನಂತೆ ಅಂಗಿ ಬದಲಾಯಿಸಿದ, ಕೈಕಾಲು ತೊಳೆದ, ಟವೆಲನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ತೂಗುಹಾಕಿದ. ಅಡುಗೆಮನೆಯ ಮೇಜಿನ ಮುಂದೆ ಕೂತು ಫೋನು ತೆಗೆದ. ಅವನ ಮುಖದಲ್ಲಿ ಬೇಸರವೇನೂ ಇರಲಿಲ್ಲ.

"ಬೆಕ್ಕು ಎಲ್ಲಿ?" ಎಂದ.

ಹಿತ್ತಲಿಗೆ ಬರುತ್ತದೆ, ಬೀದಿಯದು, ಪಾಪ ಅನ್ನಿಸಿತು, ಸ್ವಲ್ಪ ದಿನದಿಂದ ಹಾಕುತ್ತಿದ್ದೇನೆ ಎಂದಳು. ಹೇಳುತ್ತಿದ್ದಂತೆ ತನ್ನ ಮುಂಗೈಯನ್ನು ಮೇಜಿನ ಮೇಲಿಟ್ಟಳು, ಪರಚಿದ ಗೆರೆಗಳು ಕಾಣುವ ಹಾಗೆ. ಅವನು ಆ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಬ್ಬೆರಳಿನಿಂದ ಗೆರೆಯ ಪಕ್ಕವನ್ನು ಒತ್ತಿ ನೋಡಿದ. ಇದು ಇವತ್ತಿನದು ಎಂದ. ಔಷಧಿ ಹಚ್ಚು, ಬೀದಿ ಬೆಕ್ಕಿನ ಉಗುರು ಒಳ್ಳೆಯದಲ್ಲ ಎಂದ.

"ಹನ್ನೆರಡು ಡಬ್ಬಿ ಬಂದಿದೆ," ಎಂದ ಆಮೇಲೆ. ಕಸದ ಬುಟ್ಟಿಯಲ್ಲಿದ್ದ ಖಾಲಿ ಡಬ್ಬಿಯನ್ನು ಅವನು ಬರುತ್ತಲೇ ನೋಡಿದ್ದ. "ಒಂದು ಕಾಣ್ತಿದೆ. ಹನ್ನೊಂದು?"

"ಅಂಗಡಿ ಹತ್ರ ಒಬ್ಬರು ತಾತ ಇದ್ದಾರೆ. ಅವರ ಮನೇಲಿ ಇಟ್ಟಿದ್ದೀನಿ ರೀ. ಅಷ್ಟೂ ಇಲ್ಲಿಗೆ ತಂದ್ರೆ ನೀವು ಬೈತೀರೇನೋ ಅಂತ."

"ನಾನು ಯಾವತ್ತು ಬೈದಿದ್ದೀನಿ?"

ಅವನು ಯಾವತ್ತೂ ಬೈದಿರಲಿಲ್ಲ. ಅವನು ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು, ತಾನು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ಹಾಕಿದ. ಅಲ್ಲಿ ಅವಳ ಬೂಟುಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅವನು ಕಾಲಿನಿಂದ ಮೆಲ್ಲಗೆ ತಳ್ಳಿ ಅವೆರಡನ್ನೂ ಗೋಡೆಗೆ ಸೇರಿಸಿ, ತುದಿಗೆ ತುದಿ ಸರಿಯಾಗಿ ನಿಲ್ಲಿಸಿದ. ಅಕ್ಕನ ಕಣ್ಣು ಬಲಗಾಲಿನ ಬೂಟಿನ ಮೇಲೆ ಹೋಗಿ, ಅಲ್ಲಿಂದ ಬಲವಂತವಾಗಿ ಹಿಂದಕ್ಕೆ ಬಂತು.

"ಕರಿ. ನಾನೂ ನೋಡ್ತೀನಿ," ಎಂದು ಅವನು ಕೂತ.

ಅವಳು ಮೆಟ್ಟಿಲು ಇಳಿದು ಬಟ್ಟಲಿನ ಹತ್ತಿರ ನಿಂತಳು. ತುಟಿ ಸೇರಿಸಿ ಚ್ಚುಚ್ಚು ಅಂದಳು. ಓಣಿಯಲ್ಲಿ ಯಾರದೋ ಮನೆಯ ನಲ್ಲಿ ಸೋರುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಹೆಸರು ಇಟ್ಟಿರ್ತೀಯಲ್ಲ. ಇಷ್ಟು ದಿನದಿಂದ ಊಟ ಹಾಕ್ತಿದ್ದೀಯ. ಏನಂತ ಕರೀತೀಯ?"

ಅವಳ ತಲೆಯಲ್ಲಿ ಯಾವ ಹೆಸರೂ ಇರಲಿಲ್ಲ. ಇದ್ದದ್ದು ಒಂದೇ. "ಗುಬ್ಬಿ," ಎಂದಳು.

"ಗುಬ್ಬಿ," ಎಂದು ಅವನೂ ಒಂದು ಸಲ ಹೇಳಿ ನೋಡಿದ. ಬೆಕ್ಕಿಗೆ ಗುಬ್ಬಿಯೇ ಎಂದು ನಗಬಹುದಿತ್ತು. ನಗಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿ, ಮೊಣಕಾಲುಗಳ ಮೇಲೆ ಕೈಯಿಟ್ಟು, ಅವಳ ಕಾಲ ಬಳಿಯ ಬಟ್ಟಲನ್ನು ನೋಡಿದ. "ಆ ಬಟ್ಟಲು ಒಡೆದುಹೋಯ್ತು ಅಂದಿದ್ದೆ ಅಲ್ವಾ?"

"ಬೆಕ್ಕಿಗೆ ಅಂತ ತೆಗೆದಿಟ್ಟಿದ್ದೆ."

"ಒಳ್ಳೆಯದು," ಎಂದ. "ಗಡಿಬಿಡಿ ಮಾಡ್ಬೇಡ, ಬರುತ್ತೆ. ಇವತ್ತು ಬರದಿದ್ರೂ ಪರವಾಗಿಲ್ಲ. ನಾಳೆ ಗುರುವಾರ ರಜೆ ಹಾಕಿದ್ದೀನಿ. ಬೆಳಗಿಂದ ಇಲ್ಲೇ ಕೂತಿರೋಣ, ಇಬ್ಬರೂ."

ಓಣಿಯ ಆಚೆ ಒಂದೊಂದೇ ಕಿಟಕಿಯಲ್ಲಿ ದೀಪ ಹತ್ತುತ್ತಿತ್ತು. ಅಕ್ಕ ಮತ್ತೆ ಕರೆದಳು. ಮೊದಲು ಮೆಲ್ಲಗೆ, ಅವನಿಗೆ ಕೇಳಿಸಿದರೆ ಸಾಕು ಎನ್ನುವಷ್ಟು. ಆಮೇಲೆ ಇನ್ನೊಂದಿಷ್ಟು ಜೋರಾಗಿ. ಆಮೇಲೆ ಬೆನ್ನ ಹಿಂದೆ ಯಾರು ಕೂತಿದ್ದಾರೆಂಬುದನ್ನೇ ಮರೆತವಳಂತೆ, ಬರಿಗಾಲಲ್ಲಿ ಓಣಿಯ ನಡುವಿಗೆ ಬಂದು, ಊರಿನ ಆ ಕೊನೆಯ ದಿಕ್ಕಿಗೆ ಮುಖ ಮಾಡಿ, ದನಿ ಒಡೆಯುವ ಹಾಗೆ ಕರೆದಳು. ಗುಬ್ಬೀ. ಗುಬ್ಬೀ. ಎದುರು ಮನೆಯ ಕಿಟಕಿಯ ಪರದೆ ಒಮ್ಮೆ ಸರಿದು ಮತ್ತೆ ಮುಚ್ಚಿಕೊಂಡಿತು.

ಮೆಟ್ಟಿಲ ಕೆಳಗೆ ನೀಲಿ ಬಟ್ಟಲಿನಲ್ಲಿ ಊಟದ ಮೇಲೆ ಪೊರೆ ಕಟ್ಟುತ್ತಿತ್ತು. ಅದರ ಒಳಗಂಚಿನಲ್ಲಿ ಬಟ್ಟೆಗೆ ಸಿಗದೆ ಉಳಿದ ಹಿಟ್ಟಿನ ಗೆರೆಯೊಂದು, ಬಾಗಿಲಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ, ಸುತ್ತಲೂ ಬೆಳ್ಳಗೆ ಕಾಣುತ್ತಿತ್ತು.